ಒಂದೇ ನಂಬರಿನ ಇಬ್ಬರು

ಅಬೀದಾಳ ಪರದೆ ಮತ್ತೆ ಕಲ್ಲಾಯಿತು. ಯಾರದೋ ಮೊಣಕಾಲು ನೋವನ್ನು ಅವಳ ಕಿವಿಯಲ್ಲಿ ವಿವರಿಸುತ್ತಿದ್ದ ಅಮೆರಿಕದ ಡಾಕ್ಟರು ಮಾತಿನ ನಡುವೆಯೇ ಸತ್ತವನಂತೆ ಸುಮ್ಮನಾದ.

"ಶಶಿ ಅಣ್ಣಾ, ಮತ್ತ ಹೋತು ನೋಡ್ರಿ!"

"ನಿನ್ನ ಕೈಗುಣನ ಹಂಗ ಐತೇನವಾ?" ಎಂದು ಗೊಣಗುತ್ತ ಕಂಪ್ಯೂಟರು ನೋಡಿಕೊಳ್ಳುವ ಶಶಿಕಾಂತ ಎದ್ದು ಬಂದ.

ಹುಬ್ಬಳ್ಳಿ ಕೇಶ್ವಾಪುರದ ಆ ಎರಡನೇ ಮಹಡಿಯಲ್ಲಿ ಹುಡುಗಿಯರು ಪರದೇಶದ ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ ಮಾತು ಕೇಳಿ ಕೇಳಿ ಟೈಪು ಮಾಡುತ್ತಿದ್ದರು. ಅವರ ಮುಂದೆ ಇದ್ದದ್ದು ಬರೀ ಪರದೆ ಮತ್ತು ಕೀಲಿಮಣೆ. ನಿಜವಾದ ಕೆಲಸ ನಡೆಯುತ್ತಿದ್ದುದು ಗಾಜಿನ ಕೋಣೆಯ ದೊಡ್ಡ ಯಂತ್ರದ ಹೊಟ್ಟೆಯಲ್ಲಿ. ಅದರೊಳಗೆ ಒಬ್ಬೊಬ್ಬಳಿಗೂ ಕಣ್ಣಿಗೆ ಕಾಣದ ಒಂದೊಂದು ಕಂಪ್ಯೂಟರು. ಅದಕ್ಕೆ ವರ್ಚುವಲ್ ಮಷಿನ್ ಎನ್ನುತ್ತಿದ್ದರು. ಮಾಲಕ ಹಂಚಿನಾಳ ಸಾಹೇಬರು ಬಂದವರಿಗೆಲ್ಲ ಆ ಯಂತ್ರವನ್ನು ಮನೆದೇವರಂತೆ ತೋರಿಸುತ್ತಿದ್ದರು. ಎ.ಸಿ. ಅದಕ್ಕಿತ್ತು, ಹುಡುಗಿಯರಿಗಿರಲಿಲ್ಲ.

ನೆಟ್ ಕಡಿದರೆ ಟೈಪು ಮಾಡಿದ್ದು ಹಾಳು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕಡಿದ ಹೊತ್ತನ್ನು ಆ ಯಂತ್ರವೇ 'ಖಾಲಿ ಕೂತಳು' ಎಂದು ಬರೆದುಕೊಳ್ಳುತ್ತಿತ್ತು. ತಪ್ಪು ಅದರದು, ಸಾಕ್ಷಿಯೂ ಅದೇ! ಅಬೀದಾಳನ್ನು ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂಬುದು ತಿಂಗಳ ಕೊನೆಗೆ ಆ ಸಾಕ್ಷಿಯ ಮೇಲೆಯೇ ತೀರ್ಮಾನವಾಗಲಿತ್ತು. ಅವಳು ಬಾಲವಾಡಿಯ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದಳು. ಅಲ್ಲಿ ಆಗಲೇ ಬೇರೊಬ್ಬಳು ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು.

ಶಶಿಕಾಂತ ವೈರು ಬದಲಿಸಿದ. ವೈರು ಚುಚ್ಚುವ ತೂತು ಬದಲಿಸಿದ. ವೈರಸ್ ಹುಡುಕಿದ. ಅವಳ ಜಾಗ ಬದಲಿಸಿದ. ಸಾಹೇಬರು ಗಾಜಿನ ಬಳೆ ತೆಗೆದಿಡಲು ಹೇಳಿದರು, ಅವಳು ತೆಗೆದಿಟ್ಟಳು. ನೆಟ್ ಮಾತ್ರ ತನಗೆ ಮನಸ್ಸು ಬಂದಾಗ ಹೋಗಿ ಮನಸ್ಸು ಬಂದಾಗ ಬರುತ್ತಿತ್ತು.

ಪಕ್ಕದಲ್ಲಿ ಕೂರುವ ದಾನವ್ವನಿಗೂ ಇದೇ ರೋಗ. ಉಣಕಲ್ಲಿನಿಂದ ಬಸ್ಸಿಗೆ ಬರುವ ಅವಳು ಗುಡ್ ಫ್ರೈಡೇ ದಿನ ರಜೆ ಹಾಕಿದಳು. ಅಂದು ಅಬೀದಾಳ ಡಾಕ್ಟರು ಸಂಜೆಯವರೆಗೂ ಒಂದೇ ಉಸಿರಿಗೆ ಮಾತಾಡಿದ. ಸೋಮವಾರ ಊಟದ ಡಬ್ಬಿ ಬಿಚ್ಚುವಾಗ ಅಬೀದಾ ಅದನ್ನು ದಾನವ್ವನಿಗೆ ಹೇಳಿದಳು.

ದಾನವ್ವನ ತುತ್ತು ಕೈಯಲ್ಲೇ ಉಳಿಯಿತು. "ಯವ್ವಾ! ನಿಮ್ಮ ರಂಜಾನ್ ಹಬ್ಬಕ್ಕ ನೀ ಬಂದಿದ್ದಿಲ್ಲಲ್ಲ, ಅವತ್ತ ನಂದೂ ಹಿಂಗ ಓಡಿತ್ತು."

ಇಬ್ಬರೂ ಊಟ ಬಿಟ್ಟು ಶಶಿಕಾಂತನನ್ನು ಎಳೆದು ತಂದರು. ದಾನವ್ವ ತನ್ನದನ್ನು ಬಂದ್ ಮಾಡಿದಳು, ಅಬೀದಾಳದು ನೀಟಾಗಿ ಓಡಿತು. ದಾನವ್ವ ಮತ್ತೆ ಚಾಲೂ ಮಾಡಿದಳು, ಅಬೀದಾಳ ಪರದೆ ಕಲ್ಲಾಯಿತು. ಶಶಿಕಾಂತ ಬಗ್ಗಿ ಏನೋ ಒತ್ತಿ ನೋಡಿ ಹಣೆ ಒರೆಸಿಕೊಂಡ.

"ಇಬ್ಬರದೂ ಒಂದ ನಂಬರ್ ಐತಿ. ಎರಡು ಮನಿಗೆ ಒಂದ ನಂಬರ್ ಕೊಟ್ಟಂಗ ಆಗೇತಿ. ಬಂದ ಡಾಕ ಒಮ್ಮೆ ನಿನಗ, ಒಮ್ಮೆ ಆಕಿಗೆ."

"ಹಂಗಾರ ನಂದು ಬದಲ ಮಾಡ್ರಿ."

"ಬದಲ ಮಾಡಿದ್ರ ಟೈಪಿನ ಸಾಫ್ಟ್‌ವೇರ್ ತೆರಿಯೂದಿಲ್ಲ. ಅದರ ಲೈಸೆನ್ಸು ಆ ನಂಬರಿಗೇ ಐತಿ. ಒಂದ ಲೈಸೆನ್ಸು ತಗೊಂಡು ಇಡೀ ಮಷಿನ್ನ ಕಾಪಿ ಹೊಡದಾರ."

"ಯಾರು ಹೊಡದ್ರು?"

ಶಶಿಕಾಂತ ಗಾಜಿನ ಕೋಣೆಯಲ್ಲಿದ್ದ ಸಾಹೇಬರ ಕಡೆ ನೋಡಿದ. ಆಮೇಲೆ ತನ್ನ ಕೈಗಳ ಕಡೆ ನೋಡಿಕೊಂಡ. "ಹೊಡಿ ಅಂದ್ರು, ಹೊಡದ್ನಿ."

ಹೊಸ ಲೈಸೆನ್ಸಿನ ಮಾತು ತೆಗೆದಾಗ ಸಾಹೇಬರು, "ಸದ್ಯಾ ಹೊಂದಿಸಿಕೊಳ್ರಿ," ಎಂದರು. ಹೊಂದಿಕೊಳ್ಳುವುದನ್ನು ಹುಬ್ಬಳ್ಳಿಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ವಾರಕ್ಕೊಮ್ಮೆ ಬರುವ ನಳದ ಮುಂದೆ ಕೊಡ ಇಟ್ಟು ಪಾಳಿ ಹಚ್ಚಿಯೇ ಬೆಳೆದವರು. ಇಲ್ಲಿಯೂ ಪಾಳಿ ಹಚ್ಚಿದರು. ಒಬ್ಬಳು ಟೈಪು ಮಾಡುವಾಗ ಇನ್ನೊಬ್ಬಳು ತನ್ನದನ್ನು ಬಂದ್ ಮಾಡಿ ಅವಳ ಬೆನ್ನ ಹಿಂದೆ ನಿಂತು ತಪ್ಪು ತಿದ್ದುತ್ತಿದ್ದಳು, ತಿಳಿಯದ ಔಷಧದ ಹೆಸರು ಹುಡುಕಿ ಕೊಡುತ್ತಿದ್ದಳು. ಇಬ್ಬರೂ ಟೈಪು ಮಾಡಿದ ಸಾಲುಗಳ ಲೆಕ್ಕ ಏರಿತು. ಬಂದ್ ಮಾಡಿಟ್ಟದ್ದನ್ನು ಯಂತ್ರ ಲೆಕ್ಕಕ್ಕೆ ಹಿಡಿಯದ್ದರಿಂದ 'ಖಾಲಿ ಕೂತಳು' ಎಂಬುದೂ ಅದರ ಬಾಯಿಂದ ಅಳಿಸಿಹೋಯಿತು.

ತಿಂಗಳ ಕೊನೆಗೆ ಸಾಹೇಬರು ಇಬ್ಬರನ್ನೂ ಗಾಜಿನ ಕೋಣೆಯೊಳಗೆ ಕರೆದರು. "ಛಲೋ ಕೆಲಸ ಮಾಡೀರಿ. ಇಬ್ಬರೂ ಕಾಯಂ."

ದಾನವ್ವ ಅಬೀದಾಳ ಕೈ ಹಿಚುಕಿದಳು.

"ಅಬೀದಾ ಮುಂಜಾನಿ, ದಾನವ್ವ ಮಧ್ಯಾಹ್ನ. ಅರ್ಧಾ ದಿನಾ, ಅರ್ಧಾ ಪಗಾರ."

"ಅರ್ಧಾ ಯಾಕ್ರಿ ಸರ್?" ಅಬೀದಾ ಕೇಳಿದಳು.

"ಒಂದ ಮಷಿನ್ ಮ್ಯಾಲೆ ಇಬ್ಬರ ಕೆಲಸ ಆಗತೈತಿ ಅಂತ ನೀವ ತೋರಿಸಿ ಕೊಟ್ಟೀರಲ್ಲವಾ!"

"ಅರ್ಧಾ ಹೊಟ್ಟಿ ಅದಾವೇನ್ರಿ ನಮಗ?" ಎಂದಳು ದಾನವ್ವ.

"ಬ್ಯಾಡಾದ್ರ ಬಿಡ್ರಿ. ಹೊರಗ ಬೇಕಾದಷ್ಟು ಮಂದಿ ನಿಂತಾರ."

ಅಬೀದಾ ಒಂದು ಹೆಜ್ಜೆ ಮುಂದೆ ಬಂದಳು. "ಕಾಪಿ ಹೊಡದದ್ದು ಆ ಸಾಫ್ಟ್‌ವೇರ್ ಕಂಪನಿಯವರಿಗೆ ನಾವು ತಿಳಸ್ತೇವಿ ಸರ್."

ಸಾಹೇಬರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಅವಳಿಗೆ ಒಂದಿಷ್ಟು ಧೈರ್ಯವಾದರೂ ಬರುತ್ತಿತ್ತು. "ತಿಳಸವಾ. ಬಂದು ಕೀಲಿ ಹಾಕತಾರ. ಹೊರಗ ಕೂತ ಅಷ್ಟೂ ಹುಡುಗ್ಯಾರು ಮನಿಗೆ ಹೋಗ್ತಾರ, ನಿನ್ನ ಹೆಸರು ಹಿಡದು ಅಳಕೋತ. ಆಗಬಹುದಾ?"

ಗಾಜಿನಾಚೆ ಬಾಗಿದ ತಲೆಗಳ ಸಾಲು ಕಾಣುತ್ತಿತ್ತು. ಒಳಗೆ ಏನು ನಡೆದಿದೆಯೆಂದು ಅವರಲ್ಲಿ ಯಾರಿಗೂ ಕೇಳಿಸುವಂತಿರಲಿಲ್ಲ, ಕಿವಿ ತುಂಬ ಬೇರೆ ದೇಶದ ನೋವು. ಅಬೀದಾ ದಾನವ್ವನ ಕೈ ಹಿಡಿದುಕೊಂಡು ಹೊರಬಂದಳು.

ಹೊರಗೆ ಶಶಿಕಾಂತ ದೂರಿನ ಪಟ್ಟಿ ತೆರೆದು ಅಬೀದಾಳ ದೂರಿನ ಮುಂದೆ 'ಸರಿಯಾಗಿದೆ' ಎಂದು ಹಾಕುತ್ತಿದ್ದ.

"ಎಲ್ಲೆ ಸರಿ ಆಗೇತ್ರಿ ಅಣ್ಣಾ?"

"ಇನ್ನ ಕಡಿಯೂದಿಲ್ಲಲ್ಲ, ಅಬೀದಾ," ಎಂದ, ತಲೆ ಎತ್ತದೆ.

ಮರುದಿನ ಮುಂಜಾನೆ ಅವಳು ಬಂದಾಗ ದಾನವ್ವನ ಕುರ್ಚಿ ಅಲ್ಲಿರಲಿಲ್ಲ. ಯಂತ್ರ ನೋಡಲು ಬಂದವರು ಕೂರಲೆಂದು ಅದನ್ನು ಗಾಜಿನ ಕೋಣೆಗೆ ಒಯ್ದಿದ್ದರು. ಅಬೀದಾ ಹೆಡ್‌ಫೋನ್ ಏರಿಸಿಕೊಂಡಳು. ಡಾಕ್ಟರು ಮಾತು ಶುರು ಮಾಡಿದ. ಮಧ್ಯಾಹ್ನ ಅವಳನ್ನು ಕುರ್ಚಿಯಿಂದ ಎಬ್ಬಿಸಲು ದಾನವ್ವ ಬಂದು ನಿಲ್ಲುವವರೆಗೂ ನೆಟ್ ಒಮ್ಮೆಯೂ ಕಡಿಯಲಿಲ್ಲ.