ಸ್ಪೀಕರಿಗೆ ನಾನು ಬಾಗಿಲು ತೆಗೆಯದ ಮಧ್ಯಾಹ್ನ

ನಾನೊಂದು ಬಿಳಿ ಪೆಟ್ಟಿಗೆ. ಊಟದ ಡಬ್ಬಿಯಷ್ಟು ಗಾತ್ರ. ಮೈಸೂರಿನ ಸಣ್ಣ ವರ್ಕ್‌ಶಾಪಿನಲ್ಲಿ ತಬಸ್ಸುಮ್ ಎಂಬ ಇಂಜಿನಿಯರ್ ನನ್ನನ್ನು ಕಟ್ಟಿ, ಕನಕಪುರದ ಹತ್ತಿರ ಚನ್ನಾಜಮ್ಮನವರ ಚಾಕಿ ಮನೆಯ ಗೋಡೆಗೆ ಕೂರಿಸಿದರು. ರೇಷ್ಮೆಯ ಮರಿಹುಳುಗಳನ್ನು ಹತ್ತು ದಿನ ಸಾಕಿ ರೈತರಿಗೆ ಕೊಡುವ ಮನೆ ಅದು.

ಅಲ್ಲಿ ಹೀಟರ್ ಒಂದು ಕಂಪನಿಯದು, ತೇವ ಬಿಡುವ ಯಂತ್ರ ಇನ್ನೊಂದರದು, ಶಾಖ ಅಳೆಯುವ ಕಡ್ಡಿ ಮತ್ತೊಂದರದು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಎಲ್ಲಕ್ಕೂ ತಿಳಿಯುವಂತೆ ಮಾಡುತ್ತಿದ್ದವನು ನಾನು. ಗುರುತು ಕೇಳದೆ ಯಾವ ಯಂತ್ರಕ್ಕೂ ನನ್ನ ಬಾಗಿಲು ತೆಗೆಯುತ್ತಿರಲಿಲ್ಲ.

ಹೆಸರು ಬಂದದ್ದು ಮಾತ್ರ ನಾನು ಕಳಿಸಿದ್ದನ್ನು ಓದಿ ಹೇಳುವ ಸ್ಪೀಕರಿಗೆ. "ಶಾಖ ಇಪ್ಪತ್ತೇಳು ಡಿಗ್ರಿ" ಎಂದು ಅದು ಹೆಣ್ಣುದನಿಯಲ್ಲಿ ಹೇಳಿದರೆ ಬಂದವರೆಲ್ಲ ಅದರ ಮುಂದೆ ನಿಲ್ಲುವರು.

"ಮಗಳಿದ್ದಂಗೆ ಕಣಪ್ಪ, ಎಲ್ಲಾ ಇವಳೇ ನೋಡ್ಕೋತಾಳೆ," ಎನ್ನುವರು ಚನ್ನಾಜಮ್ಮ.

ಮಾತು ನನ್ನದು, ಮೆಚ್ಚುಗೆ ಅದಕ್ಕೆ. ಅದನ್ನು ದಿನಾ ಒರೆಸುವರು. ನನ್ನ ಮೇಲೆ ಹಲ್ಲಿ ಮಲಗುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಸ್ಪೀಕರಿನ ಗಡಿಯಾರ ತಪ್ಪಿತು; ಗುರುತಿನಲ್ಲಿ ಸಮಯವೂ ಸೇರಿರುವುದರಿಂದ ಅದರ ಗುರುತು ಹೊಂದಲಿಲ್ಲ. ಸರಿಯಾದ ಸಮಯ ತಿಳಿಸಿ ಇನ್ನೊಮ್ಮೆ ಗುರುತು ಕೇಳಬೇಕಾದವನು ನಾನು. ಕೇಳಲಿಲ್ಲ. ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರಲಿ ಎಂದುಕೊಂಡೆ.

ಅರ್ಧ ಗಂಟೆಯಲ್ಲಿ ಹೀಟರಿನ ಸ್ವಿಚ್ಚು ಅಂಟಿಕೊಂಡಿತು. ನಾನು ಆರಿಸಿದರೂ ಆರದು. ಮೂವತ್ತು. ಮೂವತ್ತಮೂರು. ಮೂವತ್ತೆಂಟು. ಚನ್ನಾಜಮ್ಮನ ಫೋನಿಗೆ ಸುದ್ದಿ ಕಳಿಸಿದೆ. ಫೋನು ಅವರ ವಾಸದ ಮನೆಯಲ್ಲಿ ಚಾರ್ಜಿಗಿತ್ತು. ಅವರು ಪಕ್ಕದ ಕೋಣೆಯಲ್ಲೇ ಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದರು. ಸ್ಪೀಕರ್ ಒಂದು ಸಲ ಕೂಗಿದ್ದರೆ ಸಾಕಿತ್ತು. ಈಗ ನಾನೇ ಅದನ್ನು ಕರೆದೆ. ಬಾಗಿಲು ತೆಗೆ ಎಂದು ಕೇಳಿ ಕೇಳಿ ಸೋತು ಅದು ಮಲಗಿಬಿಟ್ಟಿತ್ತು.

ಸೊಪ್ಪು ಹಿಡಿದು ಅವರು ಒಳಬಂದಾಗ ಅರ್ಧಕ್ಕರ್ಧ ಹುಳು ಸತ್ತಿದ್ದವು. "ಅಯ್ಯೋ ನನ್ನ ಕೂಸುಗಳಾ!" ಎಂದು ಹೀಟರಿನ ವೈರು ಕಿತ್ತು, ಕಿಟಕಿಗಳನ್ನೆಲ್ಲ ತೆರೆದರು. ಒದ್ದೆ ಗೋಣಿ ನೇತುಹಾಕಿ ಉಳಿದವನ್ನು ಉಳಿಸಿಕೊಂಡರು. ಆಮೇಲೆ ಸ್ಪೀಕರಿನ ಮುಂದೆ ನಿಂತರು.

"ಹೊತ್ತಿಗೆ ಬಾಯಿ ಬಿಡಲಿಲ್ಲವಲ್ಲೇ, ನೀನು!"

ಅದನ್ನು ಗುಜರಿಗೆ ಕೊಟ್ಟರು. ಅದರ ಜಾಗಕ್ಕೊಂದು ಸೈರನ್ ಬಂತು. ಏಳು ವರ್ಷ ಅದು ಬಾಗಿಲು ತಟ್ಟಿದಾಗಲೆಲ್ಲ ಮೊದಲ ಸಲಕ್ಕೇ ತೆಗೆದೆ.

ಈಗ ನಾನು ಹಳಬ, ತಬಸ್ಸುಮ್ ಅವರ ಕಪಾಟಿನಲ್ಲಿದ್ದೇನೆ. ಬೀಳ್ಕೊಡುವಾಗ ಚನ್ನಾಜಮ್ಮ ಮೊದಲ ಸಲ ಸೆರಗಿನಿಂದ ನನ್ನ ಮೈ ಒರೆಸಿ, "ಇದೊಂದು ಯಾವತ್ತೂ ಕೈ ಕೊಡಲಿಲ್ಲ ಕಣಮ್ಮ," ಎಂದು ತಬಸ್ಸುಮ್ ಅವರಿಗೆ ಅಂದರು.

ವರ್ಷಗಟ್ಟಲೆ ಕಾದಿದ್ದ ಹೊಗಳಿಕೆ. ಅದನ್ನು ಕೇಳಿಸಿಕೊಳ್ಳಲು ನನಗೆ ಆಗಲಿಲ್ಲ.