ಏನೂ ಬೇಡದ ಗಿಡ

ಹೊಗಳಿಸಿಕೊಂಡು ಮೈ ಉರಿಯುವುದುಂಟೆ? ಅನುಮಾನವಿದ್ದವರು ಆ ಮನೆಯ ದೊಡ್ಡ ಸೊಸೆಯನ್ನು ಕೇಳಬೇಕು.

ಅವಳ ಮಾವ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದವರು. ನಿವೃತ್ತರಾದ ಮೇಲೆ ಹೊರಡಿಸಲು ಬಸ್ಸುಗಳಿಲ್ಲದೆ ಗಿಡಗಳ ಬೆನ್ನು ಹತ್ತಿದರು. ಮುಂಬಾಗಿಲ ಮೆಟ್ಟಿಲುಗಳ ಆಚೆಯೊಂದು ಈಚೆಯೊಂದು ದೊಡ್ಡ ಕುಂಡ. ಒಂದರಲ್ಲಿ ದಾಸವಾಳ, ಇನ್ನೊಂದರಲ್ಲಿ ಕಾಗದದ ಹೂವು. ದಾಸವಾಳದ ನಖರಾ ಒಂದೆರಡಲ್ಲ. ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೆ ಮಧ್ಯಾಹ್ನದೊಳಗೆ ಎಲೆಯೆಲ್ಲ ಜೋಲುಬಿದ್ದಿರುತ್ತದೆ. ಗೊಬ್ಬರ ತಡವಾದರೆ ಮೊಗ್ಗು ಉದುರುತ್ತದೆ. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಎಳೆ ಚಿಗುರಿಗೆ ಬಿಳಿ ಹುಳು. ಇಷ್ಟೆಲ್ಲ ಸೇವೆ ಮಾಡಿಸಿಕೊಂಡು ಬೆಳಗ್ಗೆ ಬಿಟ್ಟ ಹೂವು ಸಂಜೆಗೆ ಮುದುಡಿ ಕೂರುತ್ತದೆ. ಕಾಗದದ ಹೂವಿಗೆ ಇದ್ಯಾವ ರಗಳೆಯೂ ಇಲ್ಲ. ಮಣ್ಣು ಒಣಗಿ ಬಿರುಕುಬಿಟ್ಟರೂ ಅದು ತುಟಿಪಿಟಕ್ಕೆನ್ನುವುದಿಲ್ಲ. ಕತ್ತರಿಸಿದಷ್ಟೂ ಚಿಗುರುತ್ತದೆ, ವಾರಗಟ್ಟಲೆ ಬಣ್ಣ ಕೆಡುವುದಿಲ್ಲ. ಮುಳ್ಳಿದೆ ನಿಜ, ಆದರೆ ಕೈಹಾಕಿದವರಿಗೆ ಮಾತ್ರ.

ಮಾತು ಗಿಡಗಳಿಗೇ ನಿಂತಿದ್ದರೆ ಯಾರದೂ ತಕರಾರಿರಲಿಲ್ಲ. ಮಾವನವರಿಗೆ ಗಿಡ ತೋರಿಸಿ ಮನೆಯವರ ಗುಣ ಹೇಳುವ ಚಪಲ. ಹಾಲಿನವನು ಬರಲಿ, ಹಳೆಯ ಕಂಡಕ್ಟರ್ ಬರಲಿ, ಅದೇ ಪಾಠ. "ನಮ್ಮ ಚಿಕ್ಕ ಸೊಸೆ ದಾಸವಾಳ. ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಬಾಡಿಹೋಗ್ತಾಳೆ. ದೊಡ್ಡವಳು ಕಾಗದದ ಹೂವು. ಅವಳಿಗೆ ಏನೂ ಬೇಡ. ಇಟ್ಟ ಕಡೆ ಇರ್ತಾಳೆ."

ಇಟ್ಟ ಕಡೆ ಅಂದರೆ ಯಾವ ಕಡೆ? ಅಡುಗೆಮನೆಯ ಹಿಂದಿನ ಕೋಣೆ. ಅವಳ ಕೆಲಸ ಹೊಲಿಗೆ. ಪ್ಯಾಂಟು, ಕೋಟು, ಶಾಲೆಯ ಸಮವಸ್ತ್ರ ಎಲ್ಲ ಅಲ್ಲೇ. ಕಿಟಕಿ ಇದೆ, ತೆರೆದರೆ ಪಕ್ಕದ ಮನೆಯ ಗೋಡೆ ಮೂಗಿಗೆ ತಾಗುತ್ತದೆ. ಗಂಡ ಎಲೆಕ್ಟ್ರಿಷಿಯನ್. ಊರವರ ಮನೆಯ ಮೂಲೆಮೂಲೆಗೂ ದೀಪ ಹಾಕಿಕೊಡುವ ಮಹಾರಾಯ ಹೆಂಡತಿಯ ಕೋಣೆಗೆ ಹಾಕಿದ್ದು ಒಂದೇ ಬಲ್ಬು. ಅದೂ ಬಾಗಿಲ ಮೇಲೆ, ಅವಳ ಬೆನ್ನ ಹಿಂದೆ. ಮಿಷನ್ನಿಗೆ ಬಗ್ಗಿದರೆ ಬಟ್ಟೆಯ ಮೇಲೆ ಅವಳದೇ ನೆರಳು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಹೊಲಿದ ದಿನ ಕಣ್ಣು ಬೆಂಕಿಯಾಗುತ್ತಿತ್ತು.

ಹೀಗಿರುವಾಗ ಬೀದಿ ಕಡೆಯ ಕೋಣೆಯಲ್ಲಿ ಬಾಡಿಗೆಗಿದ್ದ ಫೋಟೊದವನು ಖಾಲಿ ಮಾಡಿದ. ಎರಡು ದೊಡ್ಡ ಕಿಟಕಿ, ಬೆಳಗಿನಿಂದ ಸಂಜೆಯವರೆಗೆ ಬೆಳಕು. ಅವಳು ಅಂದೇ ಗಂಡನಿಗೆ ಹೇಳಿದಳು, "ರೀ, ಆ ಕೋಣೆ ನನಗೆ ಬೇಕು. ಕಣ್ಣು ಹೋಗ್ತಾ ಇದೆ. ಮಾವನಿಗೆ ನೀವೇ ಒಂದು ಮಾತು ಹೇಳಿ." ಗಂಡ ಹೂಂ ಅಂದ. ಆ ಹೂಂ ನಂಬಿಕೊಂಡು ಅವಳು ಮಿಷನ್ನನ್ನು ಯಾವ ಕಿಟಕಿಗೆ ಮುಖ ಮಾಡಿ ಇಡಬೇಕೆಂದು ಕೂಡ ಲೆಕ್ಕ ಹಾಕಿಬಿಟ್ಟಿದ್ದಳು.

ಭಾನುವಾರ ಬೆಳಗ್ಗೆ ಎಲ್ಲರೂ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಿದ್ದರು. ಚಿಕ್ಕ ಸೊಸೆ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದವಳು ಬೂಟು ಕೂಡ ಬಿಚ್ಚಿರಲಿಲ್ಲ. ಮಾವನವರು ದಾಸವಾಳಕ್ಕೆ ನೀರು ಹಿಡಿದುಕೊಂಡೇ ತೀರ್ಪು ಕೊಟ್ಟರು. "ಮುಂದಿನ ಕೋಣೆ ಚಿಕ್ಕವಳಿಗೆ. ಪಾಪ, ಮಹಡಿ ಮೇಲೆ ಹಗಲು ನಿದ್ದೆ ಬರಲ್ಲ ಅಂತಾಳೆ. ನಾಜೂಕಿನ ಜೀವ."

ದೊಡ್ಡ ಸೊಸೆ ಗಂಡನ ಮುಖ ನೋಡಿದಳು. ಅವನು ಲೋಟದ ತಳ ನೋಡುತ್ತಿದ್ದ. ಅವಳ ಪಿತ್ತ ನೆತ್ತಿಗೇರಿತು.

"ಮಾವ, ಆ ಕೋಣೆ ನಾನು ಕೇಳಿದ್ದೆ," ಅಂದಳು.

"ನಿನಗ್ಯಾಕಮ್ಮ?" ಮಾವನವರು ನಕ್ಕು ಕಾಗದದ ಹೂವಿನ ಕಡೆ ಕೈ ತೋರಿದರು. "ನೋಡು ಇದನ್ನ. ನೀರು ಹಾಕಿ ಎಷ್ಟು ದಿನ ಆಯ್ತೋ. ಹೂ ಹೇಗೆ ಸುರಿದಿದೆ. ಸಂತೋಷವಾಗಿರೋಕೆ ಇದಕ್ಕೆ ಏನೂ ಬೇಡ."

"ಅದು ಸಂತೋಷಕ್ಕೆ ಹೂ ಬಿಡ್ತಿದೆ ಅಂತ ನಿಮಗೆ ಯಾರು ಹೇಳಿದ್ರು? ಹೋದ ಮಳೆಗಾಲದಲ್ಲಿ ಹೊಟ್ಟೆತುಂಬ ನೀರು ಕುಡಿದು ಬರೀ ಎಲೆ ಬಿಟ್ಕೊಂಡು ಹಾಯಾಗಿತ್ತು. ಆಗ ನೀವೇನಂದ್ರಿ? ಕೊಬ್ಬಿದೆ ಅಂದ್ರಿ. ನೀರು ನಿಲ್ಲಿಸಿ ಒಣಗಿಸಿದ ಮೇಲೆ ತಾನೇ ಹೂ ಬಂದಿದ್ದು?"

ಪೈಪಿನ ನೀರು ದಾಸವಾಳದ ಕುಂಡ ತುಂಬಿ ಮಾವನವರ ಚಪ್ಪಲಿ ನೆನೆಸಿತು.

"ಹೋಗಲಿ," ಅವಳು ಬಿಡಲಿಲ್ಲ. "ನೀರು ಬೇಡ, ಗೊಬ್ಬರ ಬೇಡ, ಒಪ್ಪಿದೆ. ಆ ಕುಂಡ ಎತ್ತಿ ಹಿತ್ತಲ ಗೋಡೆ ಮರೆಗೆ ಇಡೋಣ. ಆಗಬಹುದಾ?"

"ಅಲ್ಲಿ ಹೇಗಮ್ಮ ಇಡೋದು? ಬಿಸಿಲು ಬೀಳದಿದ್ರೆ ಇದು ಒಂದು ಹೂವೂ ಬಿಡಲ್ಲ." ಗಿಡದ ವಿಷಯಕ್ಕೆ ಬಂದರೆ ಮಾವನವರು ಸುಳ್ಳು ಹೇಳುವವರಲ್ಲ.

"ಅಂದ್ರೆ ಅದಕ್ಕೂ ಬೇಕು ಅನ್ನೋದು ಒಂದಿದೆ. ನೀವು ಅದನ್ನ ಕೊಟ್ಟಿದ್ದೀರಿ. ಗಿಡಕ್ಕೆ ಕೊಟ್ಟಷ್ಟು ನನಗೆ ಕೊಟ್ಟಿಲ್ಲ ಮಾವ. ಕೊಡದೆ ಇರೋದಕ್ಕೆ ಒಂದು ಒಳ್ಳೆ ಹೆಸರು ಇಟ್ಟಿದ್ದೀರಿ ಅಷ್ಟೇ."

ಇದಕ್ಕೆ ಬಾಯಿಬಿಟ್ಟವಳು ಚಿಕ್ಕ ಸೊಸೆ. ಅವಳ ದನಿಯಲ್ಲಿ ನಿದ್ದೆಗಿಂತ ಸಿಟ್ಟೇ ಹೆಚ್ಚಿತ್ತು.

"ಮಾವ, ನನಗೆ ಬಿಸಿಲು ಬೀಳೋ ಕೋಣೆ ಕೊಟ್ರೆ ಹಗಲು ನಿದ್ದೆ ಎಲ್ಲಿಂದ ಬರುತ್ತೆ? ನಾನು ಕೇಳಿದ್ದು ಕತ್ತಲೆ ಇರೋ ಜಾಗ. ನೀವು ಅರ್ಧ ಕೇಳಿಸ್ಕೊಂಡು ಅಯ್ಯೋ ಪಾಪ ಅಂದ್ರಿ. ರಾತ್ರಿಯೆಲ್ಲ ರೋಗಿಗಳನ್ನ ಎತ್ತಿ ಮಲಗಿಸೋಳು ನಾನು. ನಾಜೂಕು ಅಂತ ಬಂದೋರಿಗೆಲ್ಲ ಹೇಳ್ತೀರಲ್ಲ, ನನಗೆ ಹೇಗಾಗಬೇಡ? ಅಕ್ಕನ ಕೋಣೆ ನನಗೆ ಕೊಡಿ. ಅಕ್ಕನಿಗೆ ಇದನ್ನ ಕೊಡಿ." ಆಮೇಲೆ ಭಾವನ ಕಡೆ ತಿರುಗಿದಳು. "ಅಕ್ಕ ಕೇಳಿದ್ದು ನಿಮಗೆ ಗೊತ್ತಿತ್ತಾ?"

ಅವನು ತಲೆ ಕೆರೆದುಕೊಂಡ. "ಗೊತ್ತಿತ್ತು. ಇವಳು ಹೇಗೋ ಹೊಂದ್ಕೊಂಡು ಹೋಗ್ತಾಳಲ್ಲ ಅಂತ..."

ಹೇಗೋ ಹೊಂದಿಕೊಳ್ಳುವುದು! ಹೊಂದಿಕೊಳ್ಳುವವಳ ಮೈಯಲ್ಲಿ ಅದಕ್ಕೆ ಏನೇನು ಖರ್ಚಾಗುತ್ತದೆಂದು ಈ ಗಂಡಸು ಒಮ್ಮೆಯಾದರೂ ಯೋಚಿಸಿದ್ದನೆ? ದೊಡ್ಡ ಸೊಸೆ ಎದ್ದು ನಿಂತಳು. "ಏಳಿ, ಮಿಷನ್ನಿನ ಆ ಕಡೆ ಹಿಡೀರಿ," ಅಂದಳು. ಅವನು ಎದ್ದ.

ಮಧ್ಯಾಹ್ನದ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಚಿಕ್ಕ ಸೊಸೆ ಗಾಢ ನಿದ್ದೆಯಲ್ಲಿದ್ದಳು. ಮುಂದಿನ ಕೋಣೆಯಲ್ಲಿ ದೊಡ್ಡ ಸೊಸೆ ಹಿಂದಿನ ದಿನ ಮುಗಿಸಿ ಮಡಚಿಟ್ಟಿದ್ದ ಕಪ್ಪು ಕೋಟನ್ನು ಗುಂಡಿ ಹಾಕಲೆಂದು ಮೇಜಿನ ಮೇಲೆ ಹರಡಿದಳು. ಹರಡಿದವಳು ಹಾಗೇ ನಿಂತಳು. ತೋಳಿನ ಹೊಲಿಗೆ ವಾಲಿತ್ತು. ಕಾಲರಿನ ಹತ್ತಿರ ಅಂಚು ಬಿಟ್ಟು ಒಳಗೆ ಹೋಗಿ, ಮತ್ತೆ ಹೊರಗೆ ಬಂದು, ಎಲ್ಲೋ ಸೇರಿತ್ತು. ಗೆರೆ ಎಳೆದಂತೆ ಹೊಲಿಯುತ್ತಾಳೆಂದು ಹೆಸರಾದವಳ ಹೊಲಿಗೆ ಅದು. ಹೀಗೆ ಎಷ್ಟು ಬಟ್ಟೆ ಹೊರಗೆ ಹೋಗಿವೆಯೋ. ಯಾರೋ ಹಾಕಿಕೊಂಡು ಓಡಾಡುತ್ತಿದ್ದಾರೆ, ಹೇಳಲು ಸಂಕೋಚಪಟ್ಟು ಸುಮ್ಮನಿದ್ದಾರೆ. ಅವಳಿಗೆ ಅಳು ಬಂತು, ಅಳುವಿನ ಹಿಂದೆಯೇ ಮತ್ತೆ ಕೋಪ ಬಂತು. ಕತ್ತರಿಯ ತುದಿಯಿಂದ ಹೊಲಿಗೆ ಬಿಚ್ಚತೊಡಗಿದಳು.

ಮಾವನವರು ಬಾಗಿಲಲ್ಲಿ ಬಂದು ನಿಂತರು. ರಾಜಿ ಮಾಡಿಕೊಳ್ಳುವ ದನಿಯಲ್ಲಿ, "ಬೆಳಕು ಚೆನ್ನಾಗಿದೆ ಅಲ್ವೇನಮ್ಮ? ಸರಿಹೋಯ್ತು ಬಿಡು. ಇನ್ನೇನು ಬೇಕು ನಿನಗೆ?" ಅಂದರು. ಏನೂ ಬೇಡ ಎಂಬ ಉತ್ತರವನ್ನು ಮೊದಲೇ ಕೈಯಲ್ಲಿಟ್ಟುಕೊಂಡು ಕೇಳುವ ಪ್ರಶ್ನೆ ಅದು.

ಅವಳು ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ಅವರ ಮುಂದೆ ಚಾಚಿದಳು. ಅವರು ಕನ್ನಡಕ ಹಾಕಿಕೊಂಡು ವಾಲಿದ ಹೊಲಿಗೆಯ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಬೆರಳು ಕಾಲರಿನ ಹತ್ತಿರ ಬಂದು ನಿಂತಿತು.

ಅವಳು ಮೂಲೆಯಲ್ಲಿದ್ದ ಸ್ಟೂಲನ್ನು ಕಾಲಿನಿಂದ ಅವರ ಕಡೆ ಸರಿಸಿದಳು.

"ಹೇಳ್ತೀನಿ, ಕೂತ್ಕೊಳ್ಳಿ ಮಾವ," ಅಂದಳು. "ಬೇಗ ಮುಗಿಯೋದಲ್ಲ."