ಗಿಣ್ಣುಹಾಲಿನ ಚೊಂಬು

ಕರುವಿನ ಮುಂಗಾಲು ಬೆಚ್ಚಗಿದೆ, ಜಾರುತ್ತದೆ, ಹಿಡಿತಕ್ಕೆ ಸಿಗುತ್ತಿಲ್ಲ, ಬಿರ್ನೆ ಎಳೀರಿ ಮಾವ ಅನ್ನುತ್ತಾಳೆ ಪಕ್ಕದ ಮನೆಯ ಆಶಾರಾಣಿ, ಸುಮ್ನಿರಮ್ಮಾ, ಹಸು ತಿಣುಕಿದಾಗ ಮಾತ್ರ ಎಳೀಬೇಕು, ನಾನು ಇದನ್ನು ಕಲಿತದ್ದು ಸುಗಟೂರಿನ ಇಂಥ ಕೊಟ್ಟಿಗೆಯಲ್ಲೇ, ಮಿಲಿಟರಿಯಲ್ಲಲ್ಲ — ಆದರೆ ಬೆಳಿಗ್ಗೆ ಫೋನಿನಲ್ಲಿ ಆಗಿನ ನಮ್ಮ ಮೇಜರ್, ಮುಳಬಾಗಿಲಿನ ಮುರಳಿಮೋಹನ್ ಸಾಹೇಬರು ಕೇಳಿದ್ದು ಇದನ್ನೇ, ಕದಿರೇಶ, ಸೋಮವಾರ ಬಾ, ಹೊಸ ಹುಡುಗರು ಕಾಶ್ಮೀರಕ್ಕೆ ಹೊರಟವ್ರೆ, ಹಳ್ಳಿಯವರ ಮನಸ್ಸು ಗೆಲ್ಲೋದು ಹೆಂಗೆ ಅಂತ ನಿನ್ನ ಕರುವಿನ ಕಥೆ ಹೇಳು, ಕರು ಹುಟ್ಟೋವರೆಗೂ ಸಾಕು ಕಣೋ, ಮುಂದಿನದು ಬೇಡ.

ಮುಂದಿನದು ಬೇಡವಂತೆ. ಥೂ, ಮುಂದಿನದೇ ಅಲ್ಲವೇ ಪಾಠ! ಕಾಶ್ಮೀರದ ಆ ಗುಡ್ಡದ ಹಳ್ಳಿ, ಕೊನೆಯ ಮನೆ, ಒಂಟಿ ಹೆಂಗಸು, ಹೀಗೇ ಅಡ್ಡ ಸಿಕ್ಕಿಕೊಂಡ ಕರು, ಗಸ್ತು ನಿಲ್ಲಿಸಿ ಅಂಗಿಯ ತೋಳು ಮಡಚಿದೆ, ಕರು ಬದುಕಿತು, ಊರವರು ಮೊದಲ ಸಲ ನಮ್ಮನ್ನು ನೋಡಿ ನಕ್ಕರು, ಅಷ್ಟಕ್ಕೆ ಎದ್ದು ಬರಬಾರದಿತ್ತೇ, ನನ್ನ ಹಾಳು ಬಾಯಿ, ನಮ್ಮೂರಲ್ಲಿ ಕರು ಎಳೆದವನಿಗೆ ಗಿಣ್ಣುಹಾಲು ಕೊಡ್ತಾರಮ್ಮಾ ಅಂತ ಹರುಕು ಹಿಂದಿಯಲ್ಲಿ ಕೇಳಿಬಿಟ್ಟೆ, ತಮಾಷೆಗೆ, ಊರಿನ ನೆನಪಿಗೆ, ಮರುದಿನ ಹಾಡಹಗಲೇ ಅವಳು ಚೊಂಬು ಹಿಡಿದು ಕ್ಯಾಂಪಿನ ಗೇಟಿಗೆ ಬಂದಳು, ಸಾಹೇಬರು ಫೋಟೊ ತೆಗೆದರು, ಗೇಟಿಗೆ ಬರುವವರ ಮೇಲೆ ಗುಡ್ಡದಿಂದ ಉಗ್ರರು ಕಣ್ಣಿಟ್ಟಿರುತ್ತಾರೆ ಅಂತ ಚೆನ್ನಾಗಿ ಗೊತ್ತಿದ್ದ ನಾನು ಗಟಗಟ ಕುಡಿದೆ — ಮೂರನೇ ದಿನ ಅವಳನ್ನು ಅಂಗಳದಲ್ಲಿ ಹೊಡೆದು ಹಾಕಿದ್ದರು, ಸೈನ್ಯಕ್ಕೆ ಸುದ್ದಿ ಕೊಟ್ಟಳಂತೆ, ಯಾವ ಸುದ್ದಿ, ಹಾಲು ಕೊಟ್ಟಳು, ಹಾಲು — ಹಸುವಿನ ಕೆಚ್ಚಲು ಬಿಗಿದು ತಾನಾಗಿ ತೊಟ್ಟಿಕ್ಕುತ್ತಿತ್ತು.

ಬಂತು, ತಲೆ ಬಂತು, ಮೂಗು ಒರೆಸಮ್ಮಾ, ಹಾಂ, ಉಸಿರಾಡಿತು. ಆಶಾರಾಣಿ ನಗುತ್ತಾಳೆ, ನಾಳೆ ಗಿಣ್ಣುಹಾಲು ತರ್ತೀನಿ ಮಾವ. ಬೇಡಮ್ಮಾ. ಅಯ್ಯೋ, ಯಾಕೆ ಮಾವ, ಬೇಡ ಅನ್ಬಾರ್ದು. ಬಕೆಟ್ಟಿನಲ್ಲಿ ಕೈ ತೊಳೆಯುತ್ತೇನೆ, ಸೋಮವಾರ ಹೋಗುತ್ತೇನೆ, ಸಾಹೇಬರು ಕಣ್ಣು ಬಿಟ್ಟರೂ ಪೂರ್ತಿ ಹೇಳುತ್ತೇನೆ, ನಾನೇ ಕೇಳಿದ್ದು ಅಂತಲೂ ಹೇಳುತ್ತೇನೆ, ಹುಡುಗರೇ, ಸಹಾಯ ಮಾಡಿ, ಮಾಡಿ ಸುಮ್ಮನೆ ಎದ್ದು ಬನ್ನಿ, ಕೇಳಬೇಡಿ, ಕೊಟ್ಟರೂ ಅವರನ್ನು ಗೇಟಿಗೆ ಬರಗೊಡಬೇಡಿ — ಇಲ್ಲ, ಇದನ್ನು ಬರೆದುಕೊಂಡು ಮರೆಯುತ್ತಾರೆ, ಮೊದಲು ಆ ಮೂರನೇ ದಿನದ ಬೆಳಗನ್ನೇ ಹೇಳಬೇಕು, ನಾನು ಬಂದೂಕು ಹಿಡಿದು ಅಂಗಳ ಕಾಯುತ್ತಿದ್ದೆ, ಕರು ಆಚೆ ಮೂಲೆಯಲ್ಲಿ ಹಗ್ಗ ಜಗ್ಗುತ್ತಿತ್ತು, ಹಸು ಅರಚುತ್ತಿತ್ತು, ಹಾಲು ಕರೆಯುವ ಅವಳ ಕೈ ಅಲ್ಲೇ ಅಂಗೈ ಬಿಚ್ಚಿ ಬಿದ್ದಿತ್ತು, ಕೆಚ್ಚಲಿನಿಂದ ಹಾಲು, ಅವಳ ಬೆರಳ ಪಕ್ಕದ ಮಣ್ಣಿಗೆ, ತೊಟ್ಟು, ಮತ್ತೆ ತೊಟ್ಟು, ಹಾಲು —